ನೀರುನಾಯಿ ಇದೆ ಅಂದರೆ ಸ್ಟೇ ಸಿಗುತ್ತದಾ?

ಪ್ರಶ್ನೆ: ಮೇಡಂ, ನಮ್ಮ ಮನೆ ಉಡುಪಿ ಜಿಲ್ಲೆಯಲ್ಲಿ, ಹೆಬ್ರಿಯಿಂದ ಕೆಳಗೆ ಸೀತಾ ನದಿಯ ದಡದಲ್ಲಿದೆ. ತೋಟದ ಹಿಂದೆ ಹೊಳೆಯಲ್ಲಿ ಒಂದು ದೊಡ್ಡ ಕಯ, ಅಂದರೆ ಆಳದ ಮಡು ಇದೆ. ಏಪ್ರಿಲ್‌ನಲ್ಲೂ ಅದು ಬತ್ತುವುದಿಲ್ಲ. ಅಲ್ಲಿ ನೀರುನಾಯಿಗಳ ಒಂದು ಸಂಸಾರ ಇದೆ, ಪೆರುವೊಳು (ಮಹಶೀರ್) ಮೀನೂ ಇದೆ. ಈಗ ಅಲ್ಲಿಗೆ ಕಿಂಡಿ ಅಣೆಕಟ್ಟು ಬರುತ್ತದಂತೆ. ಸ್ವಲ್ಪ ಕೆಳಗೆ ಮರಳು ತೆಗೆಯಲು ಗುರುತು ಹಾಕಿ ಹೋಗಿದ್ದಾರೆ. ‘ನೀರುನಾಯಿ ಷೆಡ್ಯೂಲ್ 1ರ ಪ್ರಾಣಿ, ಕೋರ್ಟಿಗೆ ಹೋದರೆ ಒಂದೇ ದಿನದಲ್ಲಿ ಸ್ಟೇ. ಅಮೆರಿಕದಲ್ಲಿ ಒಂದು ಪುಟ್ಟ ಮೀನಿಗೋಸ್ಕರ ಅಣೆಕಟ್ಟನ್ನೇ ನಿಲ್ಲಿಸಿದ್ದರು’ ಅಂತ ಗೆಳೆಯ ಹೇಳುತ್ತಾನೆ. ನಿಜವಾ? ನಾವು ಎಲ್ಲಿಗೆ ಹೋಗಬೇಕು?

ಉತ್ತರ: ನಿಮ್ಮ ಗೆಳೆಯ ಹೇಳಿದ್ದರಲ್ಲಿ ಎರಡು ಮಾತು ನಿಜ. ನೀರುನಾಯಿ ಷೆಡ್ಯೂಲ್ 1ರಲ್ಲಿದೆ. ಅಮೆರಿಕದ ಕಥೆಯೂ ನಡೆದದ್ದೇ. ಆದರೆ ಇವೆರಡನ್ನೂ ಕೂಡಿಸಿ ‘ಒಂದೇ ದಿನದಲ್ಲಿ ಸ್ಟೇ’ ಅಂದರೆ ಅದು ತಪ್ಪು. ಇದೇ ನಂಬಿಕೆ ಇಟ್ಟುಕೊಂಡು ಮಂಗಳೂರಿನ ನನ್ನ ವಕೀಲಿ ಕಚೇರಿಗೆ ಬರುವವರು ವರ್ಷಕ್ಕೆ ಮೂರು ನಾಲ್ಕು ಮಂದಿಯಾದರೂ ಇದ್ದಾರೆ. ಎಲ್ಲರ ಕೈಯಲ್ಲೂ ಪ್ರಾಣಿಯ ಒಳ್ಳೊಳ್ಳೆಯ ಫೋಟೋ ಇರುತ್ತದೆ. ಯೋಜನೆಗೆ ಅನುಮತಿ ಕೊಟ್ಟ ಆದೇಶದ ಪ್ರತಿ ಮಾತ್ರ ಯಾರ ಕೈಯಲ್ಲೂ ಇರುವುದಿಲ್ಲ.

ಮೊದಲು ಷೆಡ್ಯೂಲ್ ಅಂದರೆ ಏನು ನೋಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮುಂಚೆ ಆರು ಪಟ್ಟಿಗಳಿದ್ದವು. 2022ರ ತಿದ್ದುಪಡಿ ಅವನ್ನು ನಾಲ್ಕಕ್ಕೆ ಇಳಿಸಿತು. ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಮೊದಲ ಪಟ್ಟಿಯಲ್ಲಿರುವ ಪ್ರಾಣಿಗೆ ಎಲ್ಲಕ್ಕಿಂತ ಜಾಸ್ತಿ ರಕ್ಷಣೆ. ಅದನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು, ಮೇಲೆ ಕನಿಷ್ಠ 25,000 ರೂಪಾಯಿ ದಂಡ. ನಮ್ಮ ಕಡೆ ಕಾಣುವ ನೀರುನಾಯಿಗಳು, ಅಂದರೆ ಹೊಳೆಯಲ್ಲಿ ಗುಂಪಾಗಿ ಈಜುವ ದೊಡ್ಡದು ಮತ್ತು ಘಟ್ಟದ ತೊರೆಗಳಲ್ಲಿ ಏಡಿ ಹುಡುಕುವ ಚಿಕ್ಕದು, ಎರಡೂ ಈ ಪಟ್ಟಿಯಲ್ಲಿವೆ. ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದವೂ 2019ರಲ್ಲಿ ಇವೆರಡನ್ನು ಅತಿ ಬಿಗಿಯಾದ ಪಟ್ಟಿಗೆ ಏರಿಸಿತು.

ಇಷ್ಟು ಓದಿದರೆ ಗೆದ್ದೆವು ಅಂತ ಅನಿಸುತ್ತದೆ, ಅಲ್ವಾ? ಇಲ್ಲೇ ಎಡವುವುದು. ಈ ಪಟ್ಟಿ ಕಟ್ಟಿಕೊಂಡಿರುವುದು ಕಾಯ್ದೆಯ 9ನೇ ಸೆಕ್ಷನ್‌ಗೆ. ಅದು ಹೇಳುವುದು ಒಂದೇ ಮಾತು: ಬೇಟೆ ಆಡಬಾರದು. ಬೇಟೆ ಅಂದರೆ ಏನು ಅಂತಲೂ ಕಾಯ್ದೆ ಬಿಡಿಸಿ ಹೇಳಿದೆ. ಕೊಲ್ಲುವುದು, ವಿಷ ಇಡುವುದು, ಹಿಡಿಯುವುದು, ಉರುಳು ಹಾಕುವುದು, ಅಟ್ಟುವುದು, ಗಾಯ ಮಾಡುವುದು, ಇವುಗಳಿಗೆ ಯತ್ನಿಸುವುದು. ಅಭಯಾರಣ್ಯದ ಹೊರಗೆ ಪ್ರಾಣಿಯ ಕಯದ ನೀರು ತಿರುಗಿಸುವುದು, ಅದು ಮಲಗುವ ದಂಡೆ ಅಗೆಯುವುದು, ಅದು ತಿನ್ನುವ ಮೀನು ಇಲ್ಲದ ಹಾಗೆ ಮಾಡುವುದು, ಇದ್ಯಾವುದೂ ಆ ಪಟ್ಟಿಯಲ್ಲಿಲ್ಲ. ನೀರುನಾಯಿಗೆ ಕಲ್ಲು ಹೊಡೆದವನ ಮೇಲೆ ಕೇಸು ಹಾಕಬಹುದು. ಅದರ ಹೊಳೆಯನ್ನೇ ಒಣಗಿಸಿದವರ ಮೇಲೆ ಈ ಸೆಕ್ಷನ್ ಹಿಡಿದು ಕೇಸು ಹಾಕುವುದು ಬಹಳ ಕಷ್ಟ. ಅದೇ ಕಾಯ್ದೆಯ ಆರಂಭದಲ್ಲಿ ಆವಾಸ ಅಂದರೆ ಪ್ರಾಣಿಯ ಸಹಜ ಮನೆಯಾದ ನೆಲ, ನೀರು, ಗಿಡಮರ ಎಂಬ ಅರ್ಥ ಕೊಟ್ಟಿದ್ದಾರೆ. ಒಳ್ಳೆಯ ಅರ್ಥವೇ. ಆದರೆ ಅಭಯಾರಣ್ಯದ ಗಡಿ ದಾಟಿದರೆ ಅದಕ್ಕೆ ಹಲ್ಲಿಲ್ಲ.

ಈಗ ಅಮೆರಿಕದ ಕಥೆ. ಟೆನೆಸೀ ರಾಜ್ಯದ ಲಿಟಲ್ ಟೆನೆಸೀ ನದಿಗೆ ಟೆಲ್ಲಿಕೋ ಎಂಬ ಅಣೆಕಟ್ಟು ಕಟ್ಟುತ್ತಿದ್ದರು. 1973ರಲ್ಲಿ ಒಬ್ಬ ಮೀನು ತಜ್ಞರಿಗೆ ಅದೇ ನದಿಯಲ್ಲಿ ಮೂರು ಇಂಚಿನ ಒಂದು ಮೀನು ಸಿಕ್ಕಿತು, ಹೆಸರು ಸ್ನೇಲ್ ಡಾರ್ಟರ್. ಅಳಿವಿನಂಚಿನ ಜೀವಿಗಳ ಕಾಯ್ದೆ ಅಲ್ಲಿ ಬಂದದ್ದೂ ಅದೇ ವರ್ಷ. ಕಟ್ಟೆ ಬಹುಪಾಲು ಮುಗಿದಿತ್ತು. ಆದರೂ 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆರು-ಮೂರು ಬಹುಮತದಲ್ಲಿ ಕೆಲಸ ನಿಲ್ಲಿಸಿತು. ಆ ಮೀನು ಅಷ್ಟು ದೊಡ್ಡದು ಅಂತ ಅಲ್ಲ. ಆ ಕಾಯ್ದೆಯ 7ನೇ ಸೆಕ್ಷನ್ ನೇರವಾಗಿ ಸರ್ಕಾರದ ಇಲಾಖೆಗಳಿಗೇ ಹೇಳುತ್ತದೆ: ನೀವು ಮಾಡುವ, ಹಣ ಕೊಡುವ, ಅನುಮತಿ ಕೊಡುವ ಯಾವ ಕೆಲಸದಿಂದಲೂ ಇಂಥ ಜೀವಿಯ ಉಳಿವಿಗೆ ಕುತ್ತು ಬರಬಾರದು, ಅದಕ್ಕೆ ಅತ್ಯಗತ್ಯವಾದ ಆವಾಸ ಹಾಳಾಗಬಾರದು. ನಮ್ಮ ಕಾಯ್ದೆಯಲ್ಲಿ ಆ ವಾಕ್ಯ ಇಲ್ಲ. ಅಷ್ಟೇ ವ್ಯತ್ಯಾಸ. ಆದರೆ ಕೇಸಿನ ಹಣೆಬರಹ ಬದಲಾಗುವುದು ಅಲ್ಲೇ.

ಕಥೆಯ ಉಳಿದ ಭಾಗವನ್ನು ಗೆಳೆಯ ನಿಮಗೆ ಹೇಳಿಲ್ಲ ಅಂತ ಕಾಣುತ್ತದೆ. ಮರುವರ್ಷ, 1979ರಲ್ಲಿ, ಅಲ್ಲಿನ ಸಂಸತ್ತು ಆ ಅಣೆಕಟ್ಟಿಗೆ ವಿನಾಯಿತಿ ಕೊಟ್ಟಿತು. ನೀರು ನಿಂತಿತು. ಮೀನನ್ನು ಬೇರೆ ನದಿಗಳಿಗೆ ಬಿಟ್ಟು ಉಳಿಸಿಕೊಂಡರು, 2022ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ತೆಗೆದರು. 2025ರಲ್ಲಿ ಬಂದ ಒಂದು ಅಧ್ಯಯನ ಅದು ಬೇರೆಯೇ ಜಾತಿ ಅಲ್ಲ, ಇನ್ನೊಂದು ಮೀನಿನದೇ ಗುಂಪು ಎಂದಿತು. ಎದುರು ವಕೀಲರು ಈ ಕೊನೆಯ ವಾಕ್ಯ ಹಿಡಿದು ನಗುತ್ತಾರೆ. ನಾನಂತೂ ಕೋರ್ಟಿನಲ್ಲಿ ಈ ಉದಾಹರಣೆ ಎತ್ತುವುದೇ ಇಲ್ಲ.

ನಮ್ಮಲ್ಲಿ ಹೊಳೆಯ ಜೀವಿಗಳಿಗೋಸ್ಕರ ಯಾರೂ ಗೆದ್ದೇ ಇಲ್ಲವಾ? ಗೆದ್ದಿದ್ದಾರೆ. ಆದರೆ ಹಿಡಿದ ದಾರಿ ಬೇರೆ. ಕೇರಳದ ಚಾಲಕುಡಿ ನದಿಯ ಅದಿರಪ್ಪಳ್ಳಿಯಲ್ಲಿ 163 ಮೆಗಾವಾಟ್‌ನ ವಿದ್ಯುತ್ ಯೋಜನೆ ಇತ್ತು. ಮೀನುಗಳ ವೈವಿಧ್ಯಕ್ಕೆ ಹೆಸರಾದ ನದಿ ಅದು. ಆದರೂ 2001ರಲ್ಲಿ, ಮತ್ತೆ 2006ರಲ್ಲಿ ಅಲ್ಲಿನ ಹೈಕೋರ್ಟ್ ಪರಿಸರ ಅನುಮತಿಯನ್ನು ರದ್ದು ಮಾಡಿದ್ದು ಮೀನಿನ ಹೆಸರಿನಲ್ಲಿ ಅಲ್ಲ. ಸಾರ್ವಜನಿಕ ಅಹವಾಲು ಸರಿಯಾಗಿ ನಡೆದಿಲ್ಲ ಎಂಬ ಕಾರಣಕ್ಕೆ.

ಉತ್ತರಾಖಂಡದ ಅಲಕನಂದಾ, ಭಾಗೀರಥಿ ಕಣಿವೆಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಜೀವಿಗಳೇ ಲೆಕ್ಕಕ್ಕೆ ಬಂದವು. ಭಾರತೀಯ ವನ್ಯಜೀವಿ ಸಂಸ್ಥೆ 2012ರಲ್ಲಿ ಆ ಎರಡು ನದಿಗಳ ಯೋಜನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಮಹಶೀರ್, ಸ್ನೋ ಟ್ರೌಟ್ ಮೀನು ಎಲ್ಲಿ ಮರಿ ಮಾಡುತ್ತವೆ, ನೀರುನಾಯಿ ಎಲ್ಲಿ ಓಡಾಡುತ್ತದೆ, ಎಲ್ಲ ಗುರುತಿಸಿ 24 ಯೋಜನೆಗಳನ್ನು ಕೈಬಿಡಿ ಎಂದಿತು. ಮರುವರ್ಷ ಪ್ರವಾಹ ಬಂತು. 2013ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ರಾಜ್ಯದಲ್ಲಿ ಹೊಸ ಜಲವಿದ್ಯುತ್ ಯೋಜನೆಗಳಿಗೆ ಅನುಮತಿ ಕೊಡಬೇಡಿ ಅಂದಿತು. ಆ 24ರ ಬಗ್ಗೆ ನೋಡಿ ಹೇಳಲು ಸಮಿತಿ ಮಾಡಿಸಿತು. 2014ರಲ್ಲಿ ಸಮಿತಿ ಅವುಗಳಲ್ಲಿ 23 ಯೋಜನೆಗಳಿಂದ ದೊಡ್ಡ ಪೆಟ್ಟು ಬೀಳುತ್ತದೆ ಎಂದಿತು. ಒಂದು ಸರ್ಕಾರಿ ಸಂಸ್ಥೆಯ ವರದಿ, ಅದರಲ್ಲಿ ನದಿಯ ಯಾವ ಭಾಗ ಎಂಬ ಖಚಿತ ಗುರುತು. ಕೋರ್ಟಿಗೆ ಬೇಕಾಗುವುದು ಇಂಥದ್ದು.

ನಮ್ಮ ಘಟ್ಟದ್ದೇ ಉದಾಹರಣೆ ಬೇಕಾದರೆ ಕುದುರೆಮುಖ ಇದೆ. ಅಲ್ಲಿಂದ ಅದಿರಿನ ಕೆಸರು ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿದ್ದ ಕಾಲ ನಿಮಗೂ ನೆನಪಿರಬಹುದು. ಕೆ.ಎಂ. ಚಿನ್ನಪ್ಪ ಅವರ ಹೆಸರಿನ ಆ ಪ್ರಕರಣದಲ್ಲಿ ಭದ್ರಾ ನದಿಗೆ ಸೇರುವ ಹೂಳಿನ ಮಾತು ಇತ್ತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ನನ್ನ ಪ್ರಕಾರ ಅಲ್ಲಿ ಭಾರ ತೂಗಿದ್ದು ಎರಡು ವಿಷಯ. 1969ರಿಂದ ಇದ್ದ ಗುತ್ತಿಗೆ 1999ಕ್ಕೆ ಮುಗಿದಿತ್ತು. ಜಾಗಕ್ಕೆ ರಾಷ್ಟ್ರೀಯ ಉದ್ಯಾನ ಎಂಬ ಹಣೆಪಟ್ಟಿ ಇತ್ತು. ಆ ಹಣೆಪಟ್ಟಿ ಇಲ್ಲದಿದ್ದರೆ ಹೂಳೊಂದೇ ಸಾಕಾಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ಸೋತದ್ದನ್ನೂ ಹೇಳಬೇಕು. ನೇತ್ರಾವತಿಯ ತಲೆಯಲ್ಲಿರುವ ಎತ್ತಿನಹೊಳೆಯಿಂದ 24.01 ಟಿಎಂಸಿ ನೀರು ತಿರುಗಿಸುವ ಯೋಜನೆ ವಿರುದ್ಧ ಮಂಗಳೂರಿನಲ್ಲಿ ಎಷ್ಟು ಮೆರವಣಿಗೆ, ಎಷ್ಟು ಬಂದ್ ನಡೆದವು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಪರಿಸರದ ಕೇಸುಗಳಿಗೆಂದೇ ಇರುವ ಹಸಿರು ನ್ಯಾಯಮಂಡಳಿಯಲ್ಲಿ ಅದು ಬಂದು ನಿಂತದ್ದು ಒಂದು ಸಣ್ಣ ಪ್ರಶ್ನೆಯ ಮೇಲೆ: ಇದು ಕುಡಿಯುವ ನೀರಿನ ಯೋಜನೆಯಾ, ನೀರಾವರಿಯದ್ದಾ? ಕುಡಿಯುವ ನೀರಿಗೆ ಪರಿಸರ ಪರಿಣಾಮ ಅಂದಾಜಿನ 2006ರ ಅಧಿಸೂಚನೆಯಡಿ ಪರಿಸರ ಅನುಮತಿ ಬೇಕಿಲ್ಲ. 2017ರ ಅಕ್ಟೋಬರ್‌ನಲ್ಲಿ ನ್ಯಾಯಮಂಡಳಿ ಕುಡಿಯುವ ನೀರಿನದ್ದು ಎಂದು ಒಪ್ಪಿತು, ಕೆಲವು ಷರತ್ತು ಹಾಕಿತು, ಕೆಲಸ ಮುಂದುವರಿಯಿತು. ಕಪ್ಪೆ, ಮೀನು, ನೀರುನಾಯಿಯ ಪುಟಗಳು ಕಡತದಲ್ಲೇ ಉಳಿದವು.

ಇನ್ನು ನಿಮ್ಮ ಹೊಳೆಗೆ ಬರೋಣ. ನಿಮ್ಮದು ಒಂದು ಕೇಸಲ್ಲ, ಎರಡು. ಮರಳು ಬೇರೆ, ಅಣೆಕಟ್ಟು ಬೇರೆ. ದಯವಿಟ್ಟು ಒಂದೇ ಅರ್ಜಿಯಲ್ಲಿ ತುರುಕಬೇಡಿ. ಮರಳಿನದ್ದು ಗಟ್ಟಿ, ಅಣೆಕಟ್ಟಿನದ್ದು ಸಡಿಲ. ಒಟ್ಟಿಗೆ ಹಾಕಿದರೆ ಸಡಿಲವಾದದ್ದು ಗಟ್ಟಿಯಾದದ್ದನ್ನೂ ಎಳೆದುಕೊಂಡು ಹೋಗುತ್ತದೆ.

ಮರಳಿಗೆ 2012ರ ದೀಪಕ್ ಕುಮಾರ್ ತೀರ್ಪು ಇದೆ. ಐದು ಹೆಕ್ಟೇರಿಗಿಂತ ಚಿಕ್ಕ ಜಾಗವಾದರೂ ಪರಿಸರ ಅನುಮತಿ ಬೇಕು ಎಂದು ಸುಪ್ರೀಂ ಕೋರ್ಟ್ ಅಂದು ಹೇಳಿತು. ಅನುಮತಿಗೆ ಜಿಲ್ಲಾ ಸಮೀಕ್ಷಾ ವರದಿ ಆಧಾರ. ಆ ವರದಿಯಲ್ಲಿ ನಿಮ್ಮ ದಂಡೆ ಇದೆಯಾ, ಇದ್ದರೆ ಅಲ್ಲಿನ ಜೀವಿಗಳ ಬಗ್ಗೆ ಏನು ಬರೆದಿದ್ದಾರೆ ನೋಡಿ. ಇಂಥ ವರದಿಗಳಲ್ಲಿ ಪ್ರಾಣಿಗಳ ಭಾಗ ಎಷ್ಟೋ ಸಲ ಬೇರೆ ಕಡೆಯಿಂದ ಎತ್ತಿ ಅಂಟಿಸಿದ ಹಾಗಿರುತ್ತದೆ. ನಾನು ಓದಿದ ಒಂದು ವರದಿಯಲ್ಲಿ ಕರಾವಳಿಯ ಹೊಳೆಗೆ ಬಯಲುಸೀಮೆಯ ಪ್ರಾಣಿಗಳ ಪಟ್ಟಿ ಹಾಕಿದ್ದರು. ನಗಬೇಡಿ, ಅಂಥ ತಪ್ಪು ನಮಗೆ ಚಿನ್ನ. 2016ರ ಮರಳು ಮಾರ್ಗಸೂಚಿ ಮೂರು ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಕಡಿಮೆಯೋ ಅಷ್ಟೇ ಆಳ ಅನ್ನುತ್ತದೆ. ಹಿಟಾಚಿ ಇಳಿದ ಮೇಲೆ ಆ ಮೂರು ಮೀಟರ್ ಅಳೆಯುವವರು ಯಾರು ಅನ್ನುವುದು ಬೇರೆ ಮಾತು.

ಇನ್ನೂ ಒಂದು ಅಳತೆ ಇವತ್ತೇ ಮಾಡಿ. ನಿಮ್ಮ ಮೇಲ್ಗಡೆ ಸೋಮೇಶ್ವರ ಅಭಯಾರಣ್ಯ ಇದೆ, ಸೀತಾ ನದಿ ಅದರೊಳಗಿಂದಲೇ ಬರುತ್ತದೆ. ಗಡಿಯಿಂದ ಮರಳಿನ ಗುರುತಿಗೆ ಎಷ್ಟು ದೂರ? ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಮತ್ತು ಗಡಿಯಿಂದ ಒಂದು ಕಿಲೋಮೀಟರ್ ತನಕ ಗಣಿಗಾರಿಕೆ ಕೂಡದು ಎಂದು 2023ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ಒಂದು ಕಿಲೋಮೀಟರಿನೊಳಗೆ ಬಂದರೆ ನೀರುನಾಯಿಯ ಹೆಸರು ಎತ್ತುವ ಅಗತ್ಯವೇ ಇಲ್ಲ. ಅರ್ಜಿ ಎರಡು ಪುಟದಲ್ಲಿ ಮುಗಿಯುತ್ತದೆ.

ಈಗ ನಾನು ನಿಮಗೊಂದು ಪ್ರಶ್ನೆ ಕೇಳಬೇಕು. ಆ ಮರಳ ದಂಡೆಯಲ್ಲಿ ಆಮೆ ಮೊಟ್ಟೆ ಇಡುತ್ತದಾ?

ಸುಮ್ನೆ ಕೇಳುತ್ತಿಲ್ಲ. ಬೇಟೆಯ ಅರ್ಥ ಹೇಳುವ ಸೆಕ್ಷನ್‌ನಲ್ಲಿ ಕೊನೆಗೊಂದು ತುಂಡು ಇದೆ. ಹಕ್ಕಿ ಮತ್ತು ಸರೀಸೃಪಗಳ ವಿಷಯದಲ್ಲಿ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಡುವುದೂ ಬೇಟೆಯೇ. ನೀರುನಾಯಿ ಸಸ್ತನಿ, ಅದರ ಬಿಲ ಅಗೆದರೆ ಈ ಮಾತು ಅನ್ವಯಿಸುವುದಿಲ್ಲ. ಆಮೆ ಸರೀಸೃಪ. ನಮ್ಮ ಕೆರೆ, ಹೊಳೆಗಳಲ್ಲಿ ಸಾಮಾನ್ಯವಾಗಿ ಕಾಣುವ, ಮೆತ್ತನೆ ಚಿಪ್ಪಿನ, ಹಿಂಗಾಲಿಗೆ ಮಡಿಕೆಯ ಮುಚ್ಚಳ ಇರುವ ಆಮೆಯೂ ಷೆಡ್ಯೂಲ್ 1ರದ್ದೇ. ಅದರ ಮೊಟ್ಟೆ ಇರುವ ದಂಡೆ ಅಂತ ಗೊತ್ತಿದ್ದೂ ಯಂತ್ರ ಇಳಿಸಿದರೆ ಅದು 9ನೇ ಸೆಕ್ಷನ್‌ನ ಅಪರಾಧ ಎಂದು ವಾದಿಸಲು ಜಾಗ ಇದೆ. ಎಲ್ಲರೂ ನೀರುನಾಯಿಯ ಮುದ್ದು ಮುಖ ನೋಡುತ್ತಾರೆ, ಆಮೆಯನ್ನು ಯಾರೂ ಎಣಿಸುವುದಿಲ್ಲ. ವಕೀಲಿ ಕಣ್ಣಿಗೆ ಆಮೆಯೇ ಗಟ್ಟಿ ಆಸಾಮಿ. ಸುಳ್ಯದ ಕಡೆಯಿಂದ ಪಯಸ್ವಿನಿಯಾಗಿ ಹರಿದು ಕಾಸರಗೋಡಿನಲ್ಲಿ ಚಂದ್ರಗಿರಿಯಾಗುವ ಹೊಳೆಯಲ್ಲಿ ಕ್ಯಾಂಟರ್ ಎಂಬ ದೈತ್ಯ ಆಮೆ ಇರುವುದು, ಮರಿ ಮಾಡುವುದು ದಾಖಲಾಗಿದೆ. ಜಗತ್ತಿನಲ್ಲೇ ಅಪರೂಪದ ಪ್ರಾಣಿ ಅದು. ನಿಮ್ಮಲ್ಲೂ ಇರಬೇಕು ಅಂತಲ್ಲ. ಹುಡುಕದೆ ಇಲ್ಲ ಅನ್ನಬೇಡಿ ಅಂತ.

ಅಪರಾಧದ ದೂರಿಗೆ ಒಂದು ದಾರಿ ಹೆಚ್ಚಿನವರಿಗೆ ಗೊತ್ತಿಲ್ಲ. ಅರಣ್ಯ ಇಲಾಖೆಯೇ ಕೇಸು ಹಾಕಬೇಕು ಅಂತಿಲ್ಲ. 55ನೇ ಸೆಕ್ಷನ್ ಪ್ರಕಾರ ಸರ್ಕಾರಕ್ಕೆ ಅಥವಾ ಅದಕ್ಕೆ ಅಧಿಕಾರ ಪಡೆದ ಅಧಿಕಾರಿಗೆ 60 ದಿನದ ನೋಟಿಸ್ ಕೊಟ್ಟು, ನೀವೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದು. ಎಷ್ಟೋ ಸಲ ನೋಟಿಸ್ ತಲುಪಿದೊಡನೆ ಇಲಾಖೆಯೇ ಎದ್ದು ಕೂರುತ್ತದೆ.

ಅಣೆಕಟ್ಟಿನ ವಿಷಯ ಮೆಲ್ಲಗೆ ಮಾತಾಡಬೇಕು. ನೀರಾವರಿ ಯೋಜನೆ 2,000 ಹೆಕ್ಟೇರಿಗಿಂತ ಕಡಿಮೆ ಜಮೀನಿನದ್ದಾದರೆ ಪರಿಸರ ಅನುಮತಿ ಬೇಕಿಲ್ಲ. ನಮ್ಮ ಕಿಂಡಿ ಅಣೆಕಟ್ಟುಗಳೆಲ್ಲ ಅದಕ್ಕಿಂತ ಎಷ್ಟೋ ಚಿಕ್ಕವು. 25 ಮೆಗಾವಾಟ್‌ಗಿಂತ ಕಡಿಮೆಯ ವಿದ್ಯುತ್ ಯೋಜನೆಗಳಿಗೂ ಹೀಗೇ ಬಾಗಿಲು ತೆರೆದಿದೆ. ಹಾಗಾಗಿ ಅನುಮತಿ ಇಲ್ಲ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ಉಳಿಯುವುದು ಎರಡು. ದಡದ ಜಾಗ ಅರಣ್ಯ ಆಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಒಪ್ಪಿಗೆ ಬೇಕು, ಕಟ್ಟೆಗೆ ಮಾಡುವ ರಸ್ತೆಗೂ ಬೇಕು. ಇನ್ನೊಂದು, ಹಿನ್ನೀರು ಅಭಯಾರಣ್ಯದ ಗಡಿ ಮುಟ್ಟುತ್ತದಾ ನೋಡಿ. ಅಭಯಾರಣ್ಯದ ಒಳಗೆ ಬರುವ ಅಥವಾ ಹೊರಗೆ ಹೋಗುವ ನೀರನ್ನು ತಿರುಗಿಸುವುದು, ತಡೆಯುವುದು, ಹೆಚ್ಚಿಸುವುದು 29ನೇ ಸೆಕ್ಷನ್‌ನಲ್ಲಿ ನಿಷಿದ್ಧ. ಅಲ್ಲಿನ ವನ್ಯಜೀವಿಗೇ ಒಳ್ಳೆಯದಾಗುತ್ತದೆ ಅಂತ ಮನವರಿಕೆಯಾದರೆ ಮಾತ್ರ ಪರವಾನಗಿ. ಇಡೀ ಕಾಯ್ದೆಯಲ್ಲಿ ಹರಿಯುವ ನೀರನ್ನು ಹೆಸರಿಟ್ಟು ಕಾಯುವ ವಾಕ್ಯ ಇದು. ಹಿನ್ನೀರು ಗಡಿಗೆ ಹತ್ತು ಮೀಟರ್ ಈಚೆ ನಿಂತರೂ ನಿಮಗೆ ಅದರ ಪ್ರಯೋಜನ ಇಲ್ಲ.

ಇಲ್ಲಿ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ, ಬೇಸರ ಮಾಡಬೇಡಿ. ಕಿಂಡಿ ಅಣೆಕಟ್ಟು ಪೂರ್ತಿ ಬೇಡ ಅಂತ ಹೋದರೆ ನೀವು ಎದುರು ಹಾಕಿಕೊಳ್ಳುವುದು ಸರ್ಕಾರವನ್ನಲ್ಲ, ಪಕ್ಕದ ಮನೆಯವರನ್ನು. ಮಾರ್ಚ್ ಬಂದರೆ ಅಡಿಕೆ ತೋಟಕ್ಕೆ ನೀರಿಲ್ಲ, ಬಾವಿ ಬತ್ತುತ್ತದೆ. ಹಿಂದಿನವರೂ ಪ್ರತಿ ವರ್ಷ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು, ಮಳೆಗೆ ಅದು ತಾನೇ ಕೊಚ್ಚಿ ಹೋಗುತ್ತಿತ್ತು. ತಕರಾರು ಇರಬೇಕಾದದ್ದು ಕಿಂಡಿ ಮುಚ್ಚುವ ಹಲಗೆಯ ಬಗ್ಗೆ. ಹಲಗೆ ಯಾವಾಗ ಹಾಕುತ್ತಾರೆ, ಯಾವಾಗ ತೆಗೆಯುತ್ತಾರೆ? ಮೊದಲ ಮಳೆಗೆ ಹೊಳೆಯ ಮೀನು ಮೇಲಕ್ಕೆ, ಗದ್ದೆ ತೋಡುಗಳಿಗೆ ಹತ್ತುವಾಗ ಕಿಂಡಿ ಮುಚ್ಚಿದ್ದರೆ ಆ ವರ್ಷದ ಸಂತಾನವೇ ಹೋಯಿತು. ಬೇಸಿಗೆಯಲ್ಲಿ ಕೆಳಗಿನ ಕಯಕ್ಕೆ ಎಷ್ಟು ನೀರು ಬಿಡುತ್ತಾರೆ? ಗಂಗೆಗೆ 2018ರಲ್ಲಿ ಕನಿಷ್ಠ ಹರಿವಿನ ಅಧಿಸೂಚನೆ ಬಂದಿದೆ. ಸೀತೆಗೆ ಅಂಥದ್ದಿಲ್ಲ. ಆದರೆ 2017ರ ಆಗಸ್ಟ್‌ನಲ್ಲಿ ಹಸಿರು ನ್ಯಾಯಮಂಡಳಿ ಎಲ್ಲ ನದಿಗಳಲ್ಲೂ ಬೇಸಿಗೆಯ ಸರಾಸರಿ ಹರಿವಿನ ಶೇ. 15ರಿಂದ 20ರಷ್ಟಾದರೂ ಇರಬೇಕು ಎಂದಿತ್ತು. ಅದನ್ನು ಹಿಡಿದು, ಕಟ್ಟೆ ನಿಲ್ಲಿಸಿ ಅನ್ನುವ ಬದಲು ಹಲಗೆಯ ವೇಳಾಪಟ್ಟಿ ಕೇಳಿ. ಸಿಗುವ ಸಾಧ್ಯತೆ ಜಾಸ್ತಿ.

ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಬಂದರೆ, ಕರ್ನಾಟಕಕ್ಕೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಚೆನ್ನೈಗೆ ಓಡಬೇಕಿಲ್ಲ, ಅರ್ಜಿ ಆನ್‌ಲೈನ್‌ನಲ್ಲಿ ಹಾಕಬಹುದು, ವಿಡಿಯೋದಲ್ಲಿ ವಾದ ಮಾಡಬಹುದು. ಆದರೆ ಒಂದು ಬಲೆ ಇದೆ. ಈ ನ್ಯಾಯಮಂಡಳಿ ವಿಚಾರಿಸಬಹುದಾದ ಕಾಯ್ದೆಗಳು ಏಳು. ನೀರು, ಗಾಳಿ, ಅರಣ್ಯ, ಪರಿಸರ, ಜೀವವೈವಿಧ್ಯ ಎಲ್ಲ ಇವೆ. ವನ್ಯಜೀವಿ ಕಾಯ್ದೆ ಇಲ್ಲ! ‘ಷೆಡ್ಯೂಲ್ 1ರ ಪ್ರಾಣಿ ಇದೆ, ಕಾಪಾಡಿ’ ಅಂತ ಅಲ್ಲಿ ಬರೆದರೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಬರಬಹುದು. ಅದೇ ವಿಷಯವನ್ನು ‘ಮರಳು ಅನುಮತಿ ಕೊಡುವಾಗ ನೀರುನಾಯಿ ಇರುವುದನ್ನು ಮುಚ್ಚಿಟ್ಟಿದ್ದಾರೆ, ಹಾಗಾಗಿ ಅನುಮತಿಯೇ ಸರಿಯಲ್ಲ’ ಎಂದು ಬರೆದರೆ ಅದು ಪರಿಸರ ಕಾಯ್ದೆಯ ಪ್ರಶ್ನೆ, ಅವರು ಕೇಳಲೇಬೇಕು. ಪ್ರಾಣಿ ಅದೇ, ಬಾಗಿಲು ಬೇರೆ.

ಗಡುವು ಇನ್ನೊಂದು. ಅನುಮತಿಯ ವಿರುದ್ಧ ಮೇಲ್ಮನವಿಗೆ 30 ದಿನ. ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ. ಅಲ್ಲಿಗೆ ಮುಗಿಯಿತು, ನ್ಯಾಯಮಂಡಳಿಗೇ ಅದನ್ನು ಮೀರುವ ಅಧಿಕಾರ ಇಲ್ಲ. ಬೇರೆ ಅರ್ಜಿಗಳಿಗೆ ಆರು ತಿಂಗಳು, ಮೇಲೆ 60 ದಿನ. ಕೆಲವು ವರ್ಷಗಳ ಹಿಂದೆ ಒಂದು ಹೊಳೆಯ ಕಡತ ನನ್ನ ಮೇಜಿಗೆ ಬಂತು. ಫೋಟೋ, ನಕ್ಷೆ, ಗ್ರಾಮಸಭೆಯ ನಿರ್ಣಯ, ಎಲ್ಲ ಅಚ್ಚುಕಟ್ಟು. ಊರವರು ಮೂರು ತಿಂಗಳು ಕೂತು ಜೋಡಿಸಿದ್ದರು. ನಾನು ದಿನ ಎಣಿಸಿದೆ. 94ನೇ ದಿನ. ಅವರಿಗೆ ಕಾಫಿ ಕೊಡಿಸಿ ಕಳಿಸಿದೆ, ಬೇರೇನೂ ಮಾಡಲಾಗಲಿಲ್ಲ.

ಹೈಕೋರ್ಟಿನಲ್ಲಿ ಈ ಗಡುವಿನ ಕಾಟ ಕಡಿಮೆ. ವನ್ಯಜೀವಿ ಕಾಯ್ದೆಯೂ ಅಲ್ಲಿ ನಡೆಯುತ್ತದೆ. ನಮ್ಮ ಎರಡು ಜಿಲ್ಲೆಗಳಿಗೆ ಬೆಂಗಳೂರೇ ಗತಿ, ಮಂಗಳೂರಿಗೆ ಪೀಠ ಬೇಕೆಂಬ ಕೂಗು ಇನ್ನೂ ಕೂಗಾಗಿಯೇ ಇದೆ. ಏಷ್ಯಾ ಸಿಂಹಗಳ 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮನುಷ್ಯನ ಲಾಭವಲ್ಲ, ಆ ಜೀವಿಯ ಹಿತವೇ ಅಳತೆಗೋಲು ಎಂದಿದೆ. ಅಲ್ಲಿ ಅದನ್ನು ಧೈರ್ಯವಾಗಿ ಎತ್ತಬಹುದು. ಆದರೆ ಹೈಕೋರ್ಟ್ ಮೊದಲು ಕೇಳುವುದು, ‘ಅಧಿಕಾರಿಗಳಿಗೆ ಮನವಿ ಕೊಟ್ಟಿದ್ದೀರಾ?’ ಮಣಿಪಾಲದ ರಜತಾದ್ರಿಗೆ ಹೋಗಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಮನವಿ ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. ಅರಣ್ಯ ಇಲಾಖೆಗೂ ಕೊಡಿ. ಇನ್ನೊಂದು ಪ್ರಶ್ನೆ ಎದುರಿನವರು ಕೇಳುತ್ತಾರೆ, ಅದಕ್ಕೆ ಮುಂಚೆ ನಾನೇ ಕೇಳುತ್ತೇನೆ. ನಿಮ್ಮ ತೋಟಕ್ಕೆ ಅದೇ ಕಯದಿಂದ ಪಂಪು ಇದೆಯಾ? ಇದ್ದರೆ ಅದಕ್ಕೆ ಅನುಮತಿ ಇದೆಯಾ? ಉತ್ತರ ಏನೇ ಇರಲಿ, ನನಗೆ ಮೊದಲೇ ಗೊತ್ತಿರಬೇಕು.

ಪೆರುವೊಳಿನ ಬಗ್ಗೆ ಬರೆಯದೆ ಬಿಟ್ಟರೆ ನಿಮಗೆ ಸಮಾಧಾನ ಆಗಲಿಕ್ಕಿಲ್ಲ. ಮಹಶೀರ್ ಅಂದರೆ ಅದೇ. ಒಂದು ಗೊಂದಲ ಮೊದಲು ಬಿಡಿಸಿಕೊಳ್ಳಿ. ಪತ್ರಿಕೆಯಲ್ಲಿ ಬರುವ ಕೆಂಪು ಪಟ್ಟಿ (ಜೀವಿಗಳ ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಸಂಸ್ಥೆಯದ್ದು) ಬೇರೆ, ನಮ್ಮ ಕಾಯ್ದೆಯ ಷೆಡ್ಯೂಲ್ ಬೇರೆ. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದ ಸಾಲಿಗೆ ಸೇರಿತು. ಅದರಿಂದ ಕಾನೂನಿನ ರಕ್ಷಣೆ ತಾನಾಗಿ ಬರುವುದಿಲ್ಲ. ಸಿಹಿನೀರಿನ ಮೀನುಗಳಲ್ಲಿ ಬಹುಪಾಲು ಷೆಡ್ಯೂಲ್‌ಗಳ ಹೊರಗೇ ಇವೆ. ಕಪ್ಪೆಗಳದ್ದು ಇನ್ನೊಂದು ಪಾಡು. ಮಣಿಪಾಲದ ಮುರಕಲ್ಲಿನ ಪುಟ್ಟ ಕಪ್ಪೆಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2016ರಲ್ಲಿ. ಮಂಗಳೂರಿನ ‘ಕೊಡಿಯಾಲ್’ ಕಪ್ಪೆಗೆ 2018ರಲ್ಲಿ. ಹೆಸರು ಸಿಗುವ ತನಕ ಪಟ್ಟಿಗೆ ಹೇಗೆ ಬರುತ್ತದೆ ಹೇಳಿ?

ಮೀನಿಗೆ ನಮ್ಮಲ್ಲಿ ಕಾನೂನಿಗಿಂತ ದೇವರು ಗಟ್ಟಿ. ಬೆಳ್ತಂಗಡಿಯ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಅಲ್ಲೂ 1996ರಲ್ಲಿ ಯಾರೋ ವಿಷ ಹಾಕಿ ಮೀನುಗಳ ರಾಶಿಯೇ ಸತ್ತು ಹೋಯಿತು. ಊರವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಹೊಳೆಗೆ ವಿಷ ಹಾಕುವುದು, ತೋಟೆ (ಸಿಡಿಮದ್ದು) ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ. ಮೂಲ ಕಾಯ್ದೆಯಲ್ಲಿ ಶಿಕ್ಷೆ ಎರಡು ತಿಂಗಳು ಜೈಲು ಅಥವಾ 200 ರೂಪಾಯಿ ದಂಡ. ಇನ್ನೂರು ರೂಪಾಯಿ! ಇವತ್ತು ಒಂದು ಕಿಲೋ ಬಂಗುಡೆಗೂ ಸಾಕಾಗುವುದಿಲ್ಲ. ರಾಜ್ಯದ್ದೇ ಆದ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ನಿಮ್ಮ ಕಯದಲ್ಲಿ ಯಾರಾದರೂ ತೋಟೆ ಹಾಕುವುದಿದ್ದರೆ ಪೊಲೀಸರಿಗೆ ದೂರು ಕೊಡುವಾಗ 1908ರ ಸ್ಫೋಟಕ ವಸ್ತುಗಳ ಕಾಯ್ದೆಯನ್ನೂ ಬರೆಯಿರಿ. ಮೀನಿನ ದೂರಿಗೆ ಸಿಗದ ಗಮನ ಸ್ಫೋಟಕದ ದೂರಿಗೆ ಸಿಗುತ್ತದೆ.

ಕೇಸು ಏನೇ ಆಗಲಿ, ಇನ್ನೊಂದು ಕೆಲಸ ಜೊತೆಗೇ ನಡೆಯಲಿ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಸರ್ಕಾರದ ಜಾಗವಾದರೆ, ಅದರಲ್ಲೂ ಅಭಯಾರಣ್ಯದ ಪಕ್ಕದಲ್ಲಿದ್ದರೆ, ಊರವರ ಜೊತೆ ಮಾತಾಡಿ ಹೀಗೆ ಘೋಷಿಸಲು 36ಎ ಸೆಕ್ಷನ್‌ನಲ್ಲಿ ಅವಕಾಶ ಇದೆ. ಹೊಳೆಯ ಪಾತ್ರ ಸರ್ಕಾರದ್ದೇ ಅಲ್ವಾ. ಮಿತಿಯನ್ನೂ ಹೇಳಿಬಿಡುತ್ತೇನೆ. ಮೀಸಲಿಗೆ 32ನೇ ಸೆಕ್ಷನ್ ಅನ್ವಯಿಸುತ್ತದೆ, ಅಂದರೆ ರಾಸಾಯನಿಕ, ಸ್ಫೋಟಕ ಬಳಸುವಂತಿಲ್ಲ. ನೀರಿನ ಹರಿವನ್ನು ಕಾಯುವ 29ನೇ ಸೆಕ್ಷನ್ ಅನ್ವಯಿಸುವುದಿಲ್ಲ. ತೋಟೆ ನಿಲ್ಲುತ್ತದೆ, ಕಟ್ಟೆ ನಿಲ್ಲುವುದಿಲ್ಲ. ಆದರೂ ಪಂಚಾಯತಿನ ಜೀವವೈವಿಧ್ಯ ಸಮಿತಿಯಲ್ಲಿ ಒಂದು ನಿರ್ಣಯ ಮಾಡಿಸಿ. ಊರಿನ ಜೀವಿಗಳನ್ನು ಪಟ್ಟಿ ಮಾಡುವ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ನೀರುನಾಯಿ, ಆಮೆ, ಪೆರುವೊಳು ಮೂರನ್ನೂ ಬರೆಸಿ. ಆ ದಾಖಲೆ ಏಳು ಕಾಯ್ದೆಗಳಲ್ಲಿ ಒಂದರ ಅಡಿಯ ಕಾಗದ. ಚೆನ್ನೈಯಲ್ಲಿ ಅದಕ್ಕೆ ಬೆಲೆ ಇದೆ.

ಪುರಾವೆಗೆ ಫೋನಿನಲ್ಲಿ ತೆಗೆದ ಚಂದದ ವಿಡಿಯೋಕ್ಕಿಂತ ನೀರಸವಾದ ಪುಸ್ತಕ ಜಾಸ್ತಿ ಕೆಲಸಕ್ಕೆ ಬರುತ್ತದೆ. ಬಂಡೆಯ ಮೇಲೆ ಹಿಕ್ಕೆ ಕಂಡ ದಿನ, ಹೊತ್ತು, ಜಾಗ. ದಂಡೆಯಲ್ಲಿ ಹೆಜ್ಜೆ ಗುರುತಿನ ಪಕ್ಕ ಸ್ಕೇಲ್ ಇಟ್ಟ ಫೋಟೋ. ವಾರಕ್ಕೊಮ್ಮೆ ಹೊಳೆಯ ನೀರಿನ ಮಟ್ಟ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದವರು ಒಮ್ಮೆ ಬಂದು ನೋಡಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಸಣ್ಣ ನೀರಾವರಿ ಇಲಾಖೆ ಮತ್ತು ಗಣಿ ಇಲಾಖೆ ಎರಡಕ್ಕೂ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಈ ವಾರವೇ ಹಾಕಿ. ಉತ್ತರಕ್ಕೆ 30 ದಿನ, ನಿಮ್ಮ ಗಡುವೂ 30 ದಿನ. ಆದ್ದರಿಂದ ಅದನ್ನೊಂದೇ ನಂಬಿ ಕೂರಬೇಡಿ, ಪರಿಸರ ಅನುಮತಿಗಳ ಸರ್ಕಾರಿ ಜಾಲತಾಣವಾದ ಪರಿವೇಶ್‌ನಲ್ಲಿ ಅನುಮತಿ ಪತ್ರ ಬಂದಿದೆಯಾ ದಿನಾ ನೋಡಿ. ಸಿಕ್ಕಿದರೆ ಮೊದಲ ಪುಟ ಕಳಿಸಿ, ದಿನಾಂಕ ಕಾಣಬೇಕು.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಕಯದ ಹೆಸರು, ಬಿಲ ಇರುವ ಬಂಡೆ, ಹೋಗುವ ದಾರಿ ಎಲ್ಲ ಇತ್ತು. ಪ್ರಶ್ನೆಯಿಂದ ಅದನ್ನೆಲ್ಲ ತೆಗೆದಿದ್ದೇನೆ. ನೀವೂ ವಾಟ್ಸಾಪ್ ಗುಂಪುಗಳಲ್ಲಿ ಹಾಕಿದ್ದರೆ ಇವತ್ತೇ ಅಳಿಸಿಬಿಡಿ. ನೀರುನಾಯಿಯ ಚರ್ಮಕ್ಕೆ ಗಿರಾಕಿಗಳು ಇನ್ನೂ ಇದ್ದಾರೆ.